ಕೈಗುಣ

ಡಾಕ್ಟರಿಗೆ ಕೈಗುಣ ಇರುತ್ತದೆ ಎಂದರೆ ಜನ ಒಪ್ಪುತ್ತಾರೆ. ಅಡುಗೆಯವರಿಗೆ, ಗಿಡ ನೆಡುವವರಿಗೆ, ಕೊನೆಗೆ ತಲೆಗೂದಲು ಕತ್ತರಿಸುವವನಿಗೂ ಇರುತ್ತದೆ ಎಂದರೂ ಒಪ್ಪುತ್ತಾರೆ. ಕುದುರೆ ಸವಾರಿಗೂ ಕೈಗುಣ ಬೇಕು ಎಂದರೆ ಮಾತ್ರ ನಗುತ್ತಾರೆ. ಓಡುವುದು ಕುದುರೆಯ ಕಾಲು, ಮೇಲೆ ಕೂತವರ ಕೈಗೇನು ಕೆಲಸ ಎನ್ನುತ್ತಾರೆ. ಅಂಥವರನ್ನು ಹಿಡಿದು ತಂದು ಬೆಳಗಿನ ಹೊತ್ತು ರೇಸ್ ಕೋರ್ಸಿನ ಬಿಳಿ ಬೇಲಿಯ ಪಕ್ಕ ನಿಲ್ಲಿಸಿ ಪುಟ್ಟಿಯ ಸವಾರಿ ತೋರಿಸಬೇಕು. ಆಮೇಲೆ ಬೇಕಾದರೆ ಮಾತಾಡಲಿ.

ಪುಟ್ಟಿ ಎಂದರೆ ಸಣ್ಣ ಹುಡುಗಿಯೇನಲ್ಲ. ನಲವತ್ತು ದಾಟಿದ ಹೆಂಗಸು, ಕಾಲೇಜಿಗೆ ಹೋಗುವ ಮಗಳ ತಾಯಿ, ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಂಡು ಮನೆ ಕಟ್ಟಿದ ಮೇಸ್ತ್ರಿಯನ್ನು ಬಯ್ಯುವವಳು. ತೊಟ್ಟಿಲಲ್ಲಿದ್ದಾಗ ಅಣ್ಣ ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು. ಈಗ ಅಣ್ಣನೇ ಲಾಯದ ಯಜಮಾನ, ರೇಸ್ ಕುದುರೆಗಳ ಟ್ರೇನರ್. ಅಪ್ಪ ನಡೆಸುತ್ತಿದ್ದ ಲಾಯ, ಅಪ್ಪ ಕೊಟ್ಟ ಸ್ಟಾಪ್‌ವಾಚು, ಅಪ್ಪನ ಹಾಗೇ ಗಂಟಿಕ್ಕಿದ ಹುಬ್ಬು. ಆಳುಗಳು ಬೆನ್ನ ಹಿಂದೆ ಅವನನ್ನು ಗಡಿಯಾರ ಎಂದು ಕರೆಯುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಒಳಗೊಳಗೇ ಅವನಿಗೆ ಇಷ್ಟವೇ ಇತ್ತು.

ರೇಸಿನ ದಿನ ಬಣ್ಣದ ಅಂಗಿ ತೊಟ್ಟು ಕುದುರೆ ಹತ್ತುವವನು ಜಾಕಿ. ಗೆದ್ದರೆ ಫೋಟೊದಲ್ಲಿ ಹಲ್ಲು ಕಿರಿಯುವವನೂ ಅವನೇ. ಉಳಿದ ದಿನಗಳಲ್ಲಿ ಬೆಳಗಾಗುವ ಮೊದಲೇ ಎದ್ದು ಅದೇ ಕುದುರೆಯನ್ನು ನಡೆಸಿ, ಓಡಿಸಿ, ತಿದ್ದಿ ತೀಡುವವರು ಬೇರೆ. ಅವರ ಹೆಸರು ಯಾವ ಪೇಪರಿನಲ್ಲೂ ಬರುವುದಿಲ್ಲ. ಪುಟ್ಟಿ ಅಂಥ ಬೆಳಗಿನ ಸವಾರಳು. ಅವಳು ಲಗಾಮು ಹಿಡಿದರೆ ಸಾಕು, ಬಾಯಿ ಹರಿದುಕೊಂಡು ಎಳೆಯುವ ಕುದುರೆಯೂ ಕುತ್ತಿಗೆ ಬಗ್ಗಿಸಿ ಹಗುರಾಗುತ್ತಿತ್ತು. ಹಾಗಾಗಿ ಆ ಲಾಯದಲ್ಲಿ ಒಂದು ಪದ್ಧತಿ ಬೆಳೆದಿತ್ತು. ಯಾವುದಾದರೂ ಕುದುರೆ ಸೊಟ್ಟಗೆ ಓಡುತ್ತಿದೆಯೇ, ಮುನಿಸಿಕೊಂಡಿದೆಯೇ, ಹೆಜ್ಜೆ ತಪ್ಪಿಸುತ್ತಿದೆಯೇ, ಪುಟ್ಟಿಯನ್ನು ಹತ್ತಿಸು. ನಾಲ್ಕು ದಿನದಲ್ಲಿ ನೆಟ್ಟಗಾಗುತ್ತದೆ. ಅಪ್ಪನ ಕಾಲದಿಂದ ನಡೆದು ಬಂದದ್ದು. ಅದರಲ್ಲೇನಾದರೂ ತಪ್ಪಿರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ, ಪುಟ್ಟಿಗಂತೂ ಕನಸಲ್ಲೂ ಇಲ್ಲ.

ಆ ವರ್ಷ ಅವಳ ಪಾಲಿಗೆ ಬಂದದ್ದು ಅಜ್ಜಿ. ಅಜ್ಜಿಗೆ ವಯಸ್ಸು ಮೂರು. ಕಂದು ಬಣ್ಣದ ಹೆಣ್ಣು ಕುದುರೆ, ಕಾಗದದ ಮೇಲೆ ಉದ್ದನೆಯ ಶೋಕಿ ಹೆಸರೊಂದು ಇತ್ತು. ಆದರೆ ಮರಿಯಾಗಿದ್ದಾಗಿನಿಂದಲೂ ಅದು ಹುಲ್ಲನ್ನು ಬೊಚ್ಚುಬಾಯಿಯವರ ಹಾಗೆ ನಿಧಾನಕ್ಕೆ ಅತ್ತಿಂದಿತ್ತ ಆಡಿಸಿ ತಿನ್ನುತ್ತಿತ್ತು, ಬೆಳಗ್ಗೆ ಎಬ್ಬಿಸಿದರೆ ನಿಟ್ಟುಸಿರು ಬಿಡುತ್ತಿತ್ತು, ಹೊಸಬರು ಬಂದರೆ ಮೇಲಿಂದ ಕೆಳಗೆ ನೋಡಿ ಮುಖ ತಿರುಗಿಸುತ್ತಿತ್ತು. ಅಜ್ಜಿ ಅನ್ನದೆ ಇನ್ನೇನನ್ನಬೇಕು? ಓಡಲು ಬಿಟ್ಟರೆ ಮಾತ್ರ ಅದರ ಸರೀಕರು ಸುತ್ತ ಎಲ್ಲೂ ಇರಲಿಲ್ಲ. ಆ ಋತುವಿನ ದೊಡ್ಡ ರೇಸು ಇನ್ನೇನು ಬರುವ ಭಾನುವಾರ. ಗೆಲ್ಲುವುದು ಅಜ್ಜಿಯೇ ಎಂದು ಅಣ್ಣ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಕ್ಯಾರೆಟ್ಟು ಕೊಡಲು ಅವನೇ ಸ್ವತಃ ಬರುತ್ತಿದ್ದ. ಬೇರೆ ಯಾವ ಕುದುರೆಗೂ ಆ ಭಾಗ್ಯವಿರಲಿಲ್ಲ.

ಅಣ್ಣನ ಕ್ರಮ ಎಂದರೆ ಅಪ್ಪನ ಕ್ರಮ. ಒಂದು ದಿನ ಬಿಟ್ಟು ಒಂದು ದಿನ, ಗಟ್ಟಿ ನೆಲದ ಮೇಲೆ, ಪೂರಾ ವೇಗದಲ್ಲಿ ದೌಡು. ಮೂಳೆ ಗಟ್ಟಿಯಾಗುವುದೇ ಪೆಟ್ಟು ತಿಂದು ಎಂಬುದು ಅವರ ನಂಬಿಕೆ. ಅದು ಪೂರ್ತಿ ಸುಳ್ಳೂ ಅಲ್ಲ. ಜೋರಾಗಿ ಓಡದೆ ಬೆಳೆದ ಕುದುರೆ ಮೊದಲ ಸಲ ಜೋರಾಗಿ ಓಡಿದ ದಿನವೇ ಕಾಲು ಮುರಿದುಕೊಳ್ಳಬಹುದು. ಆದರೆ ಪೆಟ್ಟು ತಿಂದ ಮೂಳೆಗೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲು ಪುರುಸೊತ್ತು ಬೇಕಲ್ಲ? ಆ ಪುರುಸೊತ್ತಿನ ವಿಷಯ ಅಪ್ಪನ ಲೆಕ್ಕದಲ್ಲಿ ಎಂದೂ ಇರಲಿಲ್ಲ.

ಪಕ್ಕದ ಲಾಯದ ಟ್ರೇನರಿಗೆ ನಿದ್ದೆಮೇಷ್ಟ್ರು ಎಂದು ಹೆಸರು. ಅವರ ಕುದುರೆಗಳು ವಾರಕ್ಕೊಮ್ಮೆ ಚುರುಕಾಗಿ ಒಂದಿಷ್ಟು ದೂರ ಓಡುತ್ತಿದ್ದವು, ಉಳಿದಂತೆ ನಡೆಯುತ್ತಿದ್ದವು, ಮೇಯುತ್ತಿದ್ದವು, ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ದೊಡ್ಡ ರೇಸು ಗೆದ್ದದ್ದು ಕಡಿಮೆ. ಆದರೆ ಅವರ ಹತ್ತಿರ ಒಂಬತ್ತು ವರ್ಷದ ಬೂದು ಕುದುರೆಯೊಂದಿತ್ತು. ಅದು ಈಗಲೂ ಓಡುತ್ತಿತ್ತು, ಆಗೊಮ್ಮೆ ಈಗೊಮ್ಮೆ ಗೆದ್ದು ಎಲ್ಲರ ಬಾಯಿ ಮುಚ್ಚಿಸುತ್ತಿತ್ತು. "ಅದು ರೇಸ್ ಲಾಯ ಅಲ್ಲ, ವೃದ್ಧಾಶ್ರಮ" ಎಂದು ಅಣ್ಣ ನಗುತ್ತಿದ್ದ. ಪುಟ್ಟಿಯೂ ಜೊತೆಗೆ ನಗುತ್ತಿದ್ದಳು.

ಮಗಳ ಬುದ್ಧಿಹಲ್ಲು ಕೀಳಿಸಬೇಕಾಗಿ ಬಂದು ಪುಟ್ಟಿ ಒಂದು ದಿನ ಲಾಯಕ್ಕೆ ಹೋಗಲಿಲ್ಲ. ಆವತ್ತು ಅಜ್ಜಿಯ ಮೇಲೆ ಗುದ್ದಲಿಯನ್ನು ಹತ್ತಿಸಿದರು. ಅವನೊಬ್ಬ ಗಟ್ಟಿಮುಟ್ಟಾದ ಸವಾರ. ಒಳ್ಳೆಯ ಮನುಷ್ಯ, ಹೇಳಿದ ಕೆಲಸ ಹೇಳಿದ ಹಾಗೆ ಮಾಡುವವನು, ಆದರೆ ಕೈ ಎಂದರೆ ಮಣ್ಣು ಅಗೆಯುವ ಕೈ. ಹೆಸರು ಸುಮ್ಮನೆ ಬಂದದ್ದಲ್ಲ. ಅಜ್ಜಿ ಅವನ ಕೈಯಲ್ಲಿ ತಿರುವಿನವರೆಗೆ ಹೇಗೋ ಬಂತು. ತಿರುವಿನಲ್ಲಿ ಬೇಲಿ ಬಿಟ್ಟು ಹೊರಕ್ಕೆ ಸರಿಯಿತು, ತಲೆ ಎತ್ತಿತು, ಹೆಜ್ಜೆ ಕಲಸಿಕೊಂಡಿತು. ಗಡಿಯಾರ ವಾಚು ನೋಡಿ ಮುಖ ಕಿವುಚಿದ.

"ಅದೇನು ಎಳೆದಾಟ ಅಂತ? ಕುದುರೆನೋ ಕೈಗಾಡಿನೋ?" ಎಂದು ಎಲ್ಲರ ಮುಂದೆ ಗುದ್ದಲಿಯನ್ನು ತರಾಟೆಗೆ ತೆಗೆದುಕೊಂಡ.

"ನಾನೇನೂ ಮಾಡ್ಲಿಲ್ಲ ಯಜಮಾನ್ರೇ. ಅದೇ ಆ ಕಡೆ ಹೋಯ್ತು," ಎಂದ ಗುದ್ದಲಿ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ದಿನ ಪುಟ್ಟಿ ಬಂದಾಗ ಲಾಯದಲ್ಲಿ ಅದೇ ಸುದ್ದಿ. "ಅಜ್ಜಿಗೆ ನೀವೇ ಬೇಕಂತೆ ಅಕ್ಕ, ಬೇರೆಯವ್ರು ಬೇಡ್ವಂತೆ" ಎಂದು ಹುಲ್ಲು ಹಾಕುತ್ತಿದ್ದವರು ಚುಡಾಯಿಸಿದರು. ಅವಳು "ಹೋಗ್ರೋ" ಎಂದಳು, ಆದರೆ ಮನಸ್ಸು ಪೂರಿಯಂತೆ ಉಬ್ಬಿತು. ಉಬ್ಬದೆ ಇರುತ್ತದೆಯೇ? ಮನೆಯಲ್ಲಿ ಮಗಳು ಮಾತು ಕೇಳುವುದಿಲ್ಲ, ಗಂಡ ಸ್ಕೂಲ್ ಬಸ್ಸು ಓಡಿಸಿ ಬಂದು ಟೀವಿ ಮುಂದೆ ಗೊರಕೆ ಹೊಡೆಯುತ್ತಾನೆ. ಇಲ್ಲೊಂದು ಪ್ರಾಣಿ ನೀನೇ ಬೇಕು ಎನ್ನುತ್ತಿದೆ. ಮುಂದಿನ ದೌಡಿಗೆ ಅವಳು ಹತ್ತಿದಾಗ ಅಜ್ಜಿ ತಿರುವನ್ನು ನೂಲು ಹಿಡಿದು ಎಳೆದಂತೆ ಮುಗಿಸಿತು. ಅಣ್ಣ ವಾಚನ್ನು ಎತ್ತಿ ತೋರಿಸಿದ. ಇಬ್ಬರೂ ನಕ್ಕರು.

ಇದಾದ ಮೇಲೆ ಒಂದು ಮಧ್ಯಾಹ್ನ ಪುಟ್ಟಿ ಜೀನುಗಳ ಕೋಣೆಯಲ್ಲಿ ಕೂತು ತೊಗಲಿಗೆ ಎಣ್ಣೆ ಹಚ್ಚುತ್ತಿದ್ದಳು. ತನ್ನ ಜೀನನ್ನು ಬೇರೆಯವರು ಮುಟ್ಟಿದರೆ ಅವಳಿಗಾಗದು. ಜೀನಿನ ಎರಡೂ ಪಕ್ಕ ಕಾಲಿಡಲು ರಿಕಾಪು ಇರುತ್ತದಲ್ಲ, ಅದನ್ನು ನೇತುಹಾಕುವ ತೊಗಲಪಟ್ಟಿಗಳನ್ನು ಬಿಚ್ಚಿ ಒಂದರ ಪಕ್ಕ ಒಂದಿಟ್ಟಳು. ಬಲಗಡೆಯದು ಒಂದು ಬೆರಳಷ್ಟು ಹೆಚ್ಚು ಉದ್ದವಿತ್ತು.

ಋತುವಿನ ಶುರುವಿನಲ್ಲಿ ತಂದ ಹೊಸ ಜೋಡಿ ಅದು. ಮೊದಲು ಅವಳು ಮಾಡಿದವನಿಗೆ ಒಂದಿಷ್ಟು ಬಯ್ದಳು. ತೂತುಗಳನ್ನು ಒಂದಕ್ಕೊಂದು ಹಿಡಿದು ನೋಡಿದಳು. ಮೇಲಿನ ತೂತುಗಳು ಸರಿಯಾಗಿಯೇ ಕೂಡುತ್ತಿದ್ದವು, ಭಾರ ಬೀಳುವ ಕೆಳಗಿನ ಭಾಗದಲ್ಲಿ ಮಾತ್ರ ತೊಗಲು ಎಳೆದುಕೊಂಡಿತ್ತು. ಮಾಡಿದವನ ತಪ್ಪಲ್ಲ. ಇಷ್ಟು ದಿನ ಅವಳ ಭಾರವೆಲ್ಲ ಬಲಗಾಲಿನ ಮೇಲೆ ಬಿದ್ದಿದೆ.

ತಾನು ನೆಟ್ಟಗೆ ಕೂರುವವಳು ಎಂದು ಪುಟ್ಟಿಗೆ ಎಷ್ಟು ಜಂಬವಿತ್ತೆಂದರೆ, ಅದನ್ನು ನಂಬಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಜೀನನ್ನು ಮರದ ಸ್ಟ್ಯಾಂಡಿನ ಮೇಲೆ ಹೊದಿಸಿ, ಪಟ್ಟಿ ಸಿಕ್ಕಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ಸ್ಟ್ಯಾಂಡನ್ನೇ ಹತ್ತಿ ಕೂತಳು. ಕಣ್ಣು ಮುಚ್ಚಿದಳು. ಮನಸ್ಸಿನಲ್ಲೇ ಅಜ್ಜಿಯನ್ನು ಓಡಿಸಿಕೊಂಡು ತಿರುವಿಗೆ ಬಂದಳು. ಸೊಂಟ ತಾನಾಗಿ ಬಲಕ್ಕೆ ಜಾರಿತು. ಬಲಗಾಲು ಒತ್ತಿತು. ಎರಡೂ ಕೈ ಲಗಾಮನ್ನು ಒಂದಿಷ್ಟು ಮೇಲೆತ್ತಿ ಹಿಡಿದವು, ಎಡವುವ ಮಗುವಿನ ಕಂಕುಳಿಗೆ ಕೈ ಕೊಟ್ಟು ನಡೆಸುವ ಹಾಗೆ.

"ಅಕ್ಕ, ಅದು ಓಡಲ್ಲ" ಎಂದ ಬಾಗಿಲಲ್ಲಿ ನಿಂತ ಗುದ್ದಲಿ.

ಪುಟ್ಟಿ ನಗಲಿಲ್ಲ. ಅಲ್ಲೇ ಕೂತುಕೊಂಡು, "ಆವತ್ತು ನೀನು ಹತ್ತಿದಾಗ ಅಜ್ಜಿ ಯಾವ ಕಡೆ ಸರೀತು?" ಎಂದು ಕೇಳಿದಳು.

"ಬಲಕ್ಕೆ. ಎಡಗಾಲು ಊರಕ್ಕೆ ಇಷ್ಟ ಇಲ್ದೋರ ಥರ."

ಆ ಓಟದ ದಾರಿ ಎಡಕ್ಕೆ ತಿರುಗುತ್ತದೆ. ತಿರುವಿನಲ್ಲಿ ಕುದುರೆ ಒಳಗಡೆಯ ಕಾಲನ್ನು, ಎಂದರೆ ಎಡಗಾಲನ್ನು ಮುಂದೆ ಹಾಕಿ ಓಡುತ್ತದೆ, ಭಾರವೆಲ್ಲ ಅದರ ಮೇಲೇ. ಆ ಕಾಲು ನೋಯುತ್ತಿದ್ದರೆ ಕುದುರೆ ಹೊರಕ್ಕೆ ಸರಿಯುತ್ತದೆ, ತಲೆ ಎತ್ತುತ್ತದೆ. ಪುಟ್ಟಿ ಮೇಲಿದ್ದರೆ ಸರಿಯಬೇಕಾಗಿಲ್ಲ. ಅವಳ ಮೈಯೇ ಬಲಕ್ಕೆ ವಾಲಿ, ಅವಳ ಕೈಯೇ ತಲೆಯನ್ನು ಎತ್ತಿ ಹಿಡಿದು, ಆ ಕಾಲಿನ ಪಾಲಿನ ಭಾರವನ್ನು ಅಷ್ಟಿಷ್ಟು ತಾನು ಹೊತ್ತುಕೊಳ್ಳುತ್ತದೆ. ಇದನ್ನು ಅವಳು ಬೇಕೆಂದು ಮಾಡಿದ್ದಲ್ಲ. ಕೇಳಿದ್ದರೆ ಮಾಡಿಲ್ಲ ಎಂದು ಆಣೆ ಇಟ್ಟು ಹೇಳುತ್ತಿದ್ದಳು.

ಸಂಜೆ ಅಣ್ಣ ಕ್ಯಾರೆಟ್ಟು ಹಿಡಿದುಕೊಂಡು ಬಂದಾಗ ಅವಳು ವಿಷಯ ಹೇಳಿದಳು. ಅವನು ತಕ್ಷಣ ಅಜ್ಜಿಯ ಎಡ ಮುಂಗಾಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಮೊಣಕಾಲಿನಿಂದ ಗೊರಸಿನವರೆಗೆ ಅಂಗೈ ಇಳಿಸಿ, ಬೆರಳಿಟ್ಟು ಒತ್ತಿ, ಮತ್ತೆ ಒತ್ತಿ ನೋಡಿದ. ಅವನಿಗೆ ಆ ಕುದುರೆಯ ಮೇಲಿದ್ದ ಪ್ರೀತಿ ಆ ಬೆರಳುಗಳಲ್ಲೇ ಕಾಣುತ್ತಿತ್ತು.

"ಬಿಸಿ ಇಲ್ಲ, ಊತ ಇಲ್ಲ. ತಣ್ಣಗೆ ಐಸಿನ ಥರ ಇದೆಯಲ್ಲೇ."

"ಓಡಿಸಿ ನೋಡು."

ಅವನೇ ಹಗ್ಗ ಹಿಡಿದು, ಗದ್ದದ ಕೆಳಗೆ ಕೈಯಿಟ್ಟು, ಅಂಗಳದಲ್ಲಿ ಅಜ್ಜಿಯನ್ನು ಕುಕ್ಕುಲೋಟದಲ್ಲಿ ಓಡಿಸಿದ. ಹೋಗುತ್ತ ಸರಿ, ಬರುತ್ತ ಸರಿ. ಪುಟ್ಟಿಗೂ ಏನೂ ಕಾಣಲಿಲ್ಲ.

"ಕಂಡ್ಯಾ? ರೇಸು ಹತ್ರ ಬಂತು, ನಿನಗೆ ಗಾಬರಿ. ಪ್ರತಿ ಸಲ ಹೀಗೇ."

"ನನಗೆ ಗಾಬರಿ ಇಲ್ಲಣ್ಣ. ಮೈಗೆ ಗೊತ್ತಾಗಿದೆ, ನನಗೆ ಈಗ ಗೊತ್ತಾಯ್ತು."

"ವಾಚು ಸುಳ್ಳು ಹೇಳುತ್ತಾ? ಮೊನ್ನೆ ಓಡಿದ ಹಾಗೆ ಆಕೆ ಹುಟ್ಟಿದಾಗಿಂದ ಓಡಿಲ್ಲ. ನಾಳೆ ಕೊನೆ ದೌಡು. ಆಮೇಲೆ ಭಾನುವಾರದ ತನಕ ಮಲಗಿರ್ಲಿ ಮಹಾರಾಣಿ."

ಪುಟ್ಟಿ ಅವನನ್ನು ಜೀನುಗಳ ಕೋಣೆಗೆ ಕರೆದುಕೊಂಡು ಹೋಗಿ ತೊಗಲಪಟ್ಟಿ ತೋರಿಸಿದಳು. ಅವನು ಅದನ್ನು ಕೈಯಲ್ಲಿ ಹಿಡಿದು ನೋಡಿ ಪಕ್ಕಕ್ಕಿಟ್ಟ. ತೊಗಲು ಎಂದಮೇಲೆ ಎಳೆದುಕೊಳ್ಳುತ್ತದೆ ಎಂದ. ಆಗ ಅವಳು ಗೋಡೆ ಕಡೆ ಬೊಟ್ಟು ಮಾಡಿದಳು. ಅಪ್ಪನ ಕಾಲದಿಂದ ಗೆದ್ದ ಕುದುರೆಗಳ ಫೋಟೊಗಳು ಅಲ್ಲಿ ಸಾಲಾಗಿದ್ದವು, ಗೋಡೆ ತುಂಬ.

"ಇದರಲ್ಲಿ ಎರಡು ವರ್ಷ ಗೆದ್ದ ಕುದುರೆ ಒಂದು ತೋರ್ಸು ನೋಡೋಣ."

ಅಣ್ಣ ನೋಡಿದ. ನೋಡಬೇಕಾಗಿರಲಿಲ್ಲ, ಅವನಿಗೆ ಬಾಯಿಪಾಠ. ಮೂರು ವರ್ಷ ವಯಸ್ಸಿನವು, ಮೂರು ವರ್ಷದವು, ಮತ್ತೆ ಮೂರು ವರ್ಷದವು. ಯಾವ ಮುಖವೂ ಮತ್ತೊಂದು ಫೋಟೊದಲ್ಲಿ ಬರುವುದಿಲ್ಲ.

"ಅಪ್ಪ ಸತ್ತು ಎಷ್ಟು ವರ್ಷ ಆಯ್ತು," ಎಂದ ಅಣ್ಣ, "ಈಗ ಅವರನ್ನ ಯಾಕೆ ಎಳೆದು ತರ್ತೀಯ?"

ದನಿ ಜೋರಾಗಿರಲಿಲ್ಲ, ಆದರೆ ಅವನಿಗೆ ನೋವಾಗಿತ್ತು. ಪುಟ್ಟಿಗೆ ಅದು ಗೊತ್ತಾಗಿ ನಾಲಿಗೆ ಕಚ್ಚಿಕೊಂಡಳು. ಅವನು ಬಾಗಿಲ ತನಕ ಹೋಗಿ ತಿರುಗಿ ನಿಂತ.

"ನಾಳೆ ನಿನಗೆ ಹತ್ತೋಕೆ ಮನಸ್ಸಿಲ್ದಿದ್ರೆ ಬೇಡ. ಗುದ್ದಲಿ ಹತ್ತುತ್ತಾನೆ."

ಪುಟ್ಟಿ ಮನೆಗೆ ಹೋದಳು, ಊಟ ಮಾಡಿದಳು, ಏನು ತಿಂದಳೋ ಅವಳಿಗೇ ಗೊತ್ತಿಲ್ಲ. ಕುದುರೆಗೆ ಮುಂಗಾಲಿನ ಮೂಳೆ ಓಡುತ್ತಿರುವಾಗಲೇ ಮುರಿದರೆ ಪ್ಲಾಸ್ಟರು ಹಾಕಿ ಮಂಚದ ಮೇಲೆ ಮಲಗಿಸುವ ಮಾತಿಲ್ಲ. ಬಹುಪಾಲು ಅಲ್ಲೇ, ಬೇಲಿಯ ಪಕ್ಕದಲ್ಲೇ, ಸೂಜಿ ಕೊಟ್ಟು ಕಥೆ ಮುಗಿಸುತ್ತಾರೆ. ನಾಳೆ ಗುದ್ದಲಿ ಹತ್ತಿದರೆ ಆ ಕಾಲಿಗೆ ಪೂರಾ ಭಾರ. ಅವಳು ಹತ್ತಿದರೆ ನಾಳೆ ಬಚಾವು, ಭಾನುವಾರ ಜಾಕಿಯ ಕೈಯಲ್ಲಿ ಪೂರಾ ಭಾರ. ಹತ್ತುವುದಕ್ಕೂ ಭಯ, ಹತ್ತದಿರುವುದಕ್ಕೂ ಭಯ. "ನಾಳೆ ನಾನು ಅಣ್ಣನ ಹತ್ರ ಚೆನ್ನಾಗಿ ಬಯ್ಸಿಕೊಳ್ತೀನಿ" ಎಂದು ಗಂಡನಿಗೆ ಹೇಳಿದಳು. "ಅದರಲ್ಲೇನು ವಿಶೇಷ?" ಎಂದು ಅವನು ಮಗ್ಗುಲಾದ.

ಬೆಳಗ್ಗೆ ಮಂಜು ತೆಳ್ಳಗಿತ್ತು. ಅಣ್ಣ ಬೇಲಿಯ ಹತ್ತಿರ ವಾಚು ಹಿಡಿದು ನಿಂತಾಗಿತ್ತು. ಪುಟ್ಟಿ ಅಜ್ಜಿಯನ್ನು ಹತ್ತಿ, ಓಟದ ದಾರಿಗೆ ಇಳಿಯುವ ಬದಲು ಲಾಯದ ಮುಂದಿನ ಡಾಂಬರು ರಸ್ತೆಗೆ ತಿರುಗಿಸಿದಳು. ಗಟ್ಟಿ ನೆಲ, ಹೆಜ್ಜೆ ಸಪ್ಪಳ ಸ್ಪಷ್ಟ ಕೇಳುತ್ತದೆ. ರಿಕಾಪಿನಿಂದ ಎರಡೂ ಕಾಲು ತೆಗೆದು ಜೋತುಬಿಟ್ಟಳು. ಲಗಾಮನ್ನು ಅಜ್ಜಿಯ ಕುತ್ತಿಗೆ ಮೇಲೆ ಹಾಕಿ, ಕೈಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯಿಂದ ಮೆಲ್ಲಗೆ ತಟ್ಟಿದಳು. ಅಜ್ಜಿ ಕುಕ್ಕುಲೋಟಕ್ಕೆ ಬಿತ್ತು.

"ಲಗಾಮು ಹಿಡಿಯೇ, ತಲೆ ಕೆಟ್ಟಿದೆಯೇನು ನಿನಗೆ?" ಎಂದು ಅಣ್ಣ ದೂರದಿಂದ ಕೂಗಿದ.

ಹಿಡಿಯಬೇಕೆಂದು ಅವಳ ಕೈಗಳು ಎರಡು ಸಲ ಎದ್ದವು. ಬೆರಳುಗಳನ್ನು ಒಂದಕ್ಕೊಂದು ಹೆಣೆದು ಕೂತಳು. ಅಷ್ಟು ಕೆಟ್ಟದಾಗಿ ಅವಳು ಜನ್ಮದಲ್ಲಿ ಕುದುರೆ ಹತ್ತಿರಲಿಲ್ಲ, ಮೂಟೆಯ ಹಾಗೆ ಕುಲುಕುತ್ತಿದ್ದಳು. ಅಣ್ಣನ ಮುಂದೆ ಬರುವ ಹೊತ್ತಿಗೆ ಅಜ್ಜಿಯ ತಲೆ ಏಳತೊಡಗಿತು. ಎಡಗಾಲು ನೆಲ ಮುಟ್ಟಿದಾಗಲೆಲ್ಲ ಒಂದು ಚೂರು ಮೇಲಕ್ಕೆ, ಬಲಗಾಲಿಗೆ ಕೆಳಕ್ಕೆ. ಬಹಳ ಏನಲ್ಲ. ಬೀದಿಯಲ್ಲಿ ಹೋಗುವವರು ನೋಡಿದರೆ ಕುದುರೆ ತಲೆಯಾಡಿಸಿಕೊಂಡು ಖುಷಿಯಾಗಿದೆ ಎನ್ನುತ್ತಿದ್ದರು. ಆದರೆ ಕುದುರೆ ಗೊತ್ತಿದ್ದವರಿಗೆ ಅಷ್ಟು ಸಾಕು.

ಅಣ್ಣ ಕೂಗುವುದನ್ನು ನಿಲ್ಲಿಸಿದ.

"ತಿರುಗಿ ಬಾ," ಎಂದ.

ತಿರುಗಿ ಬಂದಳು. "ಇನ್ನೊಂದ್ಸಲ," ಎಂದ. ಇನ್ನೊಂದು ಸಲವೂ ಅದೇ. ಅವನು ಬೇಲಿ ದಾಟಿ ಬಂದು ಅವಳನ್ನು ಇಳಿಸಿದ. ಅಜ್ಜಿಯ ಗದ್ದದ ಕೆಳಗೆ ಹಗ್ಗ ಹಿಡಿದು ಎರಡು ಹೆಜ್ಜೆ ಇಟ್ಟವನು ಥಟ್ಟನೆ ನಿಂತುಬಿಟ್ಟ. ನಿನ್ನೆ ಸಂಜೆ ತಾನು ಹೇಗೆ ಹಿಡಿದಿದ್ದೆ ಎಂಬುದು ಅವನಿಗೆ ಆಗ ಹೊಳೆಯಿತು. ಗದ್ದ ಗಟ್ಟಿಯಾಗಿ ಹಿಡಿದರೆ ತಲೆ ಏಳುವುದಾದರೂ ಹೇಗೆ?

"ಗುದ್ದಲಿ, ನೀನು ಹಿಡ್ಕೋ. ಹಗ್ಗದ ತುದಿ ಹಿಡ್ಕೊಂಡು ಓಡು. ನಮ್ಮಿಬ್ಬರ ಕೈಗೆ ಕೊಟ್ರೆ ಗುಟ್ಟು ಬಿಡಲ್ಲ ಇದು."

ಗುದ್ದಲಿ ಓಡಿದ. ಉದ್ದ ಬಿಟ್ಟ ಹಗ್ಗದಲ್ಲಿ ಅಜ್ಜಿಯ ತಲೆ ಎಲ್ಲರಿಗೂ ಕಾಣುವಂತೆ ಎದ್ದಿತು, ಬಿದ್ದಿತು. ಅಣ್ಣ ವಾಚನ್ನು ಜೇಬಿಗೆ ಹಾಕಿ ಡಾಕ್ಟರಿಗೆ ಫೋನು ಮಾಡಿದ.

ಡಾಕ್ಟರಮ್ಮ ಎಕ್ಸ್‌ರೇ ಪೆಟ್ಟಿಗೆ ಹೊತ್ತುಕೊಂಡು ಬಂದರು. ನೇರವಾಗಿ ತೆಗೆದದ್ದರಲ್ಲಿ ಏನೂ ಇರಲಿಲ್ಲ. ಕಾಲು ಮಡಿಸಿ, ಓರೆಯಾಗಿ ಹಿಡಿದು ತೆಗೆದದ್ದರಲ್ಲಿ ಗೊರಸಿನ ಮೇಲಿನ ಕೀಲಿನಿಂದ ಉದ್ದ ಮೂಳೆಯ ಒಳಕ್ಕೆ ಸಣ್ಣ ಗೆರೆಯೊಂದು ಹೋಗಿತ್ತು, ಬಟ್ಟಲಿನ ಅಂಚಿನಲ್ಲಿ ಕೂದಲೆಳೆ ಬಿರುಕು ಇರುತ್ತದಲ್ಲ ಹಾಗೆ.

"ಒಂದೇ ದಿನದಲ್ಲಿ ಆಗಿದ್ದಲ್ಲ ಇದು," ಎಂದರು ಅವರು. "ಮೂಳೆ ತೇಪೆ ಹಾಕ್ಕೊಳ್ತಾನೇ ಬಂದಿದೆ, ನೀವು ಅದಕ್ಕೆ ಬಿಡುವು ಕೊಟ್ಟಿಲ್ಲ. ಇನ್ನೊಂದು ದೌಡು ತಡೀತಿತ್ತೋ ಏನೋ. ಭಾನುವಾರಾನೂ ತಡೀತಿತ್ತೋ ಏನೋ. ನನ್ನ ಕೇಳಿದ್ರೆ ಓಡಿಸಿ ನೋಡೋ ಆಟ ಅಲ್ಲ."

"ಮತ್ತೆ ಓಡ್ತಾಳಾ?" ಎಂದು ಅಣ್ಣ ಕೇಳಿದ.

"ತಿಂಗಳುಗಟ್ಟಲೆ ನಿಲ್ಸಿ. ಕೂಡಿಕೊಂಡ್ರೆ ಮುಂದಿನ ವರ್ಷ ನೋಡೋಣ. ಕೂಡುತ್ತೆ ಅಂತ ಮಾತು ಕೊಡಲ್ಲ." ಪೆಟ್ಟಿಗೆ ಮುಚ್ಚುತ್ತ, "ಆದ್ರೂ ಇಷ್ಟು ದಿನ ನಿಮಗೆ ಗೊತ್ತಾಗ್ಲಿಲ್ವಾ? ಬೆಳಗ್ಗೆ ಹತ್ತೋರು ಯಾರು?" ಎಂದರು.

"ಪುಟ್ಟಿ."

"ಹಾಗನ್ನಿ." ಡಾಕ್ಟರಮ್ಮ ನಕ್ಕು ಅವಳ ಬೆನ್ನು ತಟ್ಟಿದರು. "ನೀವು ಹತ್ತಿದ್ರೆ ಮೂರು ಕಾಲಿನ ಕುದುರೇನೂ ನೆಟ್ಟಗೆ ಕಾಣುತ್ತೆ ಬಿಡಿ."

ಮೆಚ್ಚುಗೆಯ ಮಾತೇ. ಪುಟ್ಟಿಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು.

ಅವರು ಹೋದಮೇಲೆ ಪುಟ್ಟಿ ಜೀನುಗಳ ಕೋಣೆಗೆ ಹೋಗಿ ಗೋಡೆಯ ಮುಂದೆ ನಿಂತಳು. ನಿನ್ನೆ ಅಣ್ಣನಿಗೆ ಬೊಟ್ಟು ಮಾಡಿ ತೋರಿಸಿದ್ದಳಲ್ಲ, ಈಗ ತಾನು ನೋಡಬೇಕಾಯಿತು. ಬಿಳಿ ಹಣೆಯ ಆ ಕುದುರೆ ರೇಸಿನಲ್ಲಿ ತಿರುವಿನಲ್ಲೇ ಮುರಿದುಕೊಂಡಿತು. ಅದರ ಪಕ್ಕದ ಕೆಂಪು ಕುದುರೆ ಗೆಲುವಿನ ಗೆರೆ ದಾಟಿ ನಾಲ್ಕು ಹೆಜ್ಜೆ ಇಟ್ಟು ಕುಸಿಯಿತು. ಕೊನೆಯ ಸಾಲಿನ ಕಪ್ಪು ಕುದುರೆಯ ಫೋಟೊವನ್ನು ಅವಳು ನೋಡದೆ ದಾಟಿದಳು. ಅವೆಲ್ಲ ಬಿದ್ದದ್ದು ರೇಸಿನ ದಿನ, ಜಾಕಿಗಳ ಕೈಯಲ್ಲಿ. ಬೆಳಗಿನ ದೌಡಿನಲ್ಲಿ ಒಂದೂ ಕುಂಟಿರಲಿಲ್ಲ. ಪುಟ್ಟಿ ಹತ್ತಿದಾಗ ಹೂವಿನ ಹಾಗಿತ್ತು, ಈ ಜಾಕಿ ಕೆಡಿಸಿದ ಎಂದು ಅಪ್ಪ ಹೇಳುತ್ತಿದ್ದ, ಅಣ್ಣ ಹೇಳುತ್ತಿದ್ದ, ಮನೆಯವರೆಲ್ಲ ಹೇಳುತ್ತಿದ್ದರು. ಪುಟ್ಟಿಯೂ ಹೌದೆನ್ನುತ್ತಿದ್ದಳು. ಪಾಪ, ಒಬ್ಬ ಜಾಕಿಯಂತೂ ಆ ಮಾತು ಕೇಳಲಾರದೆ ಊರೇ ಬಿಟ್ಟಿದ್ದ.

ನೋಯುತ್ತಿದೆ ಎಂದು ಅವು ಬೆಳಗ್ಗೆ ಬೆಳಗ್ಗೆ ಹೇಳಿದ್ದವು. ಹೇಳಿದ್ದು ಬೇಲಿಯ ಹತ್ತಿರ ನಿಂತ ಅಪ್ಪನಿಗೆ, ಅಣ್ಣನಿಗೆ ಮುಟ್ಟದಂತೆ ತಡೆದವಳು ತಾನು. ಪುಟ್ಟಿ ಎಣ್ಣೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಬಟ್ಟೆ ಕೊಳಕಾಗಿತ್ತು, ಮುಖವೆಲ್ಲ ಕಪ್ಪಾಯಿತು. ಹೊರಗೆ ಬಂದಾಗ ಆಳುಗಳು ನೋಡಿದರು, ಯಾರೂ ತಮಾಷೆ ಮಾಡಲಿಲ್ಲ.

ಅಜ್ಜಿಯನ್ನು ಲಾಯಕ್ಕೆ ಒಪ್ಪಿಸಿದ್ದ ಮಾಲೀಕರಿಗೆ ಅದು ಓಡುವುದಿಲ್ಲ ಎಂದು ಅಣ್ಣನೇ ತಿಳಿಸಿದ. ಅವರು ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು, ಅವನು ಬಹಳ ಹೊತ್ತು ಕೇಳಿಸಿಕೊಂಡ.

ಭಾನುವಾರ ಅವನು ರೇಸು ನೋಡಲು ಹೋಗಲಿಲ್ಲ. ಹುಷಾರಿಲ್ಲದಾಗಲೂ ತಪ್ಪಿಸದವನು ಅಜ್ಜಿಯ ಲಾಯದಲ್ಲಿ ಬಕೆಟ್ಟು ಬೋರಲು ಹಾಕಿ ಕೂತಿದ್ದ. ಅಜ್ಜಿ ಪಟ್ಟಿ ಕಟ್ಟಿದ ಕಾಲನ್ನು ಮುಂದಕ್ಕೆ ಚಾಚಿ ನಿಧಾನಕ್ಕೆ ಹುಲ್ಲು ಮೆಲ್ಲುತ್ತಿತ್ತು, ಲೋಕದ ಗೊಡವೆಯೇ ಇಲ್ಲ. ಪುಟ್ಟಿ ಬಾಗಿಲಿಗೆ ಒರಗಿ ನಿಂತಿದ್ದಳು. ಧ್ವನಿವರ್ಧಕದ ಮಾತು ಗಾಳಿಯಲ್ಲಿ ಬಂದು ಹೋಗುತ್ತಿತ್ತು. ಕುದುರೆಗಳು ಹೊರಟವು ಎಂಬುದು ಕೇಳಿತು, ಅಣ್ಣನ ಹೆಬ್ಬೆರಳು ಅಭ್ಯಾಸಬಲದಿಂದ ವಾಚನ್ನು ಒತ್ತಿತು. ಜನರ ಗದ್ದಲ ಏರಿತು, ಏರಿ ಇಳಿಯಿತು. ಅವನು ಮತ್ತೆ ಒತ್ತಿ, ನೋಡಿದ.

"ನಿಧಾನ," ಎಂದ. "ಬಹಳ ನಿಧಾನ. ಅಜ್ಜಿ ಇದ್ದಿದ್ರೆ ಗೆದ್ದುಬಿಡ್ತಿದ್ಲು."

"ಹೂಂ."

"ಸಮಾಧಾನಕ್ಕೆ ಹೇಳ್ಬೇಡ. ಆ ಕಾಲಲ್ಲೇ ಗೆಲ್ತಿದ್ಲಾ? ನಿನಗೆ ಗೊತ್ತಿರುತ್ತೆ."

ಪುಟ್ಟಿ ಯೋಚನೆ ಮಾಡಿದಳು. ಆ ಕುದುರೆಯ ಮೈ ಅವಳಿಗೆ ತನ್ನ ಮೈಯಷ್ಟೇ ಗೊತ್ತಿತ್ತು. ಜೋರು ಹಿಡಿದಮೇಲೆ ಅದು ನೋವನ್ನು ಮರೆತುಬಿಡುತ್ತದೆ, ನಿಂತಮೇಲೇ ನೆನಪು.

"ಗೆಲ್ತಿದ್ಲು ಅಣ್ಣ. ನನಗೆ ಹಾಗೇ ಅನ್ಸುತ್ತೆ."

ಅಣ್ಣ ತಲೆಯಾಡಿಸಿದ.

"ನನಗೆ ಭಯ ಆಗ್ತಿರೋದು ಅದಕ್ಕೇ ಕಣೇ," ಎಂದ ಕೊನೆಗೆ. "ಮುರಿದಿದ್ರೆ ಅಳ್ತಿದ್ದೆ, ಜಾಕಿನ ಬಯ್ತಿದ್ದೆ. ಗೆದ್ದಿದ್ರೆ? ನಾಳೆ ಬೆಳಗ್ಗೆಯಿಂದ ಪಕ್ಕದ ಆ ಎರಡು ಮರಿಗಳಿಗೂ ಇದನ್ನೇ ಮಾಡಿಸ್ತಿದ್ದೆ. ಯಾರು ಬಂದು ಹೇಳಿದ್ರೂ ಕೇಳ್ತಿರ್ಲಿಲ್ಲ. ನೀನು ಹೇಳಿದ್ರೂ."

ಪುಟ್ಟಿ ಇಲ್ಲ ಎನ್ನಲಿಲ್ಲ. ಅವನು ಕೇಳುತ್ತಿರಲಿಲ್ಲ ಎಂಬುದು ನಿಜ. ಗೆದ್ದಿದ್ದರೆ ತಾನೂ ಹೇಳುತ್ತಿರಲಿಲ್ಲ ಎಂಬುದು ಅದಕ್ಕಿಂತ ನಿಜ. ಪಕ್ಕದಲ್ಲೇ ಎರಡು ವರ್ಷದ ಎರಡು ಕುದುರೆಗಳು ತಲೆ ಹೊರಹಾಕಿ ನಿಂತಿದ್ದವು. ಮಾರನೆಯ ದಿನ ಅವುಗಳ ಮೊದಲ ಪೂರಾ ದೌಡು ಎಂದು ಯಾವತ್ತೋ ನಿರ್ಧಾರವಾಗಿತ್ತು. ಅವುಗಳನ್ನು ಪುಟ್ಟಿಯೇ ಹತ್ತಬೇಕೆಂದೂ ಆಗಿತ್ತು.

"ನಾಳೆ ಅವಕ್ಕೆ ದೌಡು ಬೇಡ," ಎಂದ ಅಣ್ಣ. "ಹುಲ್ಲಿನ ಮೇಲೆ ನಡೆಸಿಕೊಂಡು ಬರ್ಲಿ, ಸ್ವಲ್ಪ ದೂರ ಓಡ್ಲಿ, ಸಾಕು. ಗುದ್ದಲಿ ಹತ್ಲಿ."

"ನಾನು?"

"ನೀನು ನನ್ನ ಪಕ್ಕ ನಿಂತು ನೋಡು."

ಬುದ್ಧಿ ಬಂದಾಗಿನಿಂದ ಪುಟ್ಟಿ ನೆಲದ ಮೇಲೆ ನಿಂತು ಬೆಳಗನ್ನು ಕಂಡವಳಲ್ಲ. ಬೇಡ ಎನ್ನಲು ಬಾಯಿ ತೆರೆದಳು. ಅಣ್ಣ ಅವಳ ಮುಖ ನೋಡದೆ ಅಜ್ಜಿಯ ಕುತ್ತಿಗೆ ಸವರುತ್ತಿದ್ದ, ಅವನ ಕಣ್ಣೂ ಒದ್ದೆಯಾಗಿತ್ತು.

"ಆಯ್ತಣ್ಣ," ಎಂದಳು. ಅಜ್ಜಿಯ ಕಾಲಿನ ಪಟ್ಟಿ ಬಿಚ್ಚಿ ನೋಡಲು ಮೊಣಕಾಲೂರಿ ಕೆಳಗೆ ಕೂತಳು.